ನಲವತ್ಮೂರನೆಯ ಸೆಂಟಿಮೀಟರಿನ ಎಲೆ

ಬೆಚ್ಚಗಿದೆಯಾ ಇನ್ನೂ, ಇಲ್ಲ, ಅದು ನನ್ನ ಅಂಗೈಯ ಬಿಸಿ, ಜಾಡಿಯ ಗಾಜು ತಣ್ಣಗೇ ಇದೆ, ಒಳಗಿನ ಪಿಂಗಾಣಿ ಮೂಸೆಯೂ ತಣಿದಿರಬೇಕು, ಇರಬೇಕು ಅಂದರೆ ಸಾಲದು — ಕೆರೆಯ ಕೆಸರನ್ನು ಒಣಗಿಸಿ ತೂಗಿ, ಕುಲುಮೆಯಲ್ಲಿ ನಾಲ್ಕು ಗಂಟೆ ಸುಟ್ಟು, ತಣಿದ ಮೇಲೆ ಮತ್ತೆ ತೂಗಬೇಕು, ಇಳಿದ ತೂಕವೆಲ್ಲ ಒಂದು ಕಾಲಕ್ಕೆ ಎಲೆ, ಬೇರು, ಪಾಚಿಯಾಗಿದ್ದದ್ದು, ಅದರಲ್ಲಿ ಅರ್ಧದಷ್ಟು ಇಂಗಾಲ, ಕೆರೆ ತಳದಲ್ಲಿ ಹೂತಿಟ್ಟುಕೊಂಡದ್ದು. ಬಿಸಿ ಮೂಸೆ ಮಾತ್ರ ಸುಳ್ಳು ಹೇಳುತ್ತದೆ, ಹಗುರವಾಗಿ ತೂಗಿ ಇಂಗಾಲವನ್ನು ಹೆಚ್ಚಿಸಿ ತೋರಿಸುತ್ತದೆ, ನಾನು ಹಾಗೇ ಬಿಸಿಯಲ್ಲೇ ತೂಗಿದೆನಂತೆ. ಅವತ್ತು ನಿಮಗೆ ಸಂಜೆ ಕ್ಲಾಸಿನ ಪರೀಕ್ಷೆ ಇತ್ತಲ್ವೇನಮ್ಮಾ, ಅವಸರ ಆಗಿರಬಹುದು, ಲ್ಯಾಬಿನ ಸರ್ ಬೈದಿದ್ದರೂ ಚೆನ್ನಾಗಿತ್ತು, ಅಷ್ಟು ಮೆತ್ತಗೆ ಹೇಳಿದರು. ಉಳಿದ ಪದರಗಳಲ್ಲೆಲ್ಲ ಇಳಿದದ್ದು ನೂರಕ್ಕೆ ಹದಿನೈದರ ಆಸುಪಾಸು, ಕೆಸರಿನ ಮೇಲ್ಮೈಯಿಂದ ಕೆಳಗೆ ನಲವತ್ಮೂರನೆಯ ಸೆಂಟಿಮೀಟರಿನ ಪದರ ಒಂದೇ ಮೂವತ್ನಾಲ್ಕು, ಅದು ತಪ್ಪಾದರೆ ನನ್ನ ಕೈಯನ್ನೇ ನಂಬುವ ಹಾಗಿಲ್ಲ, ಎರಡು ವರ್ಷ ತೂಗಿದ ಮುನ್ನೂರ ಹನ್ನೆರಡು ಮೂಸೆಗಳ ಅಂಕಿಯೂ ಕಸದ ಬುಟ್ಟಿಗೆ. ಕಾದಿದ್ದೆನಾ ಅವತ್ತು, ಕಾದಿದ್ದೆ, ಗಡಿಯಾರ ನೋಡಿದ ನೆನಪಿದೆ, ನೋಡಿದ್ದು ಮೂಸೆಗೋ ಬಸ್ಸಿಗೋ — ಕೆಸರು ಸುಟ್ಟು ಬೂದಿ ತೂಗೋಕೂ ಸಂಬಳ ಕೊಡ್ತಾರೇನೇ, ಮನೆಯವರ ನಗು, ಲಾರಿ ಓಡಿಸಿ ಹೊಗೆ ಬಿಡೋಕೆ ನಿಮಗೆ ಕೊಡಲ್ವಾ, ಹಂಗೇ ರೀ.

ಆ ಪದರದಲ್ಲಿ ಒಂದು ಎಲೆಯಿತ್ತು, ಅದನ್ನು ಕಂಡವಳು ನಾನೊಬ್ಬಳೇ. ಕೆರೆ ತಳಕ್ಕೆ ಇಳಿಸಿ ತೆಗೆದ ಕೆಸರಿನ ಕೊಳವೆ ಸೀಳುತ್ತೇನೆ, ಕಪ್ಪಿನ ನಡುವೆ ಹಸಿರು, ಯಾವ ಕಾಲದಲ್ಲೋ ಬಿದ್ದದ್ದು, ಗಾಳಿಯಿಲ್ಲದ ತಳದಲ್ಲಿ ಕೊಳೆಯದೆ, ನರಗಳನ್ನು ಎಣಿಸಬಹುದು. ಸರ್ ಅಂತ ಕೂಗಿ ತಿರುಗುವಷ್ಟರಲ್ಲಿ ಗಾಳಿ ತಾಗಿ ಕಪ್ಪಾಗಿತ್ತು. ಹಸಿರು ಎಲೆ ಅಂತ ಪುಸ್ತಕದಲ್ಲಿ ಬರೆದೆ, ಯಾರು ನಂಬುತ್ತಾರೆ ಅಂತ ಹಸಿರನ್ನು ನಾನೇ ಹೊಡೆದುಹಾಕಿದೆ. ನನ್ನ ಅಂಕಿ ನಿಜವಾ ಅಂತ ನೋಡೋಕೆ ಇವತ್ತಿನ ಕೆಸರು, ಎದುರು ದಡದ್ದು, ಅದೇ ಪದರ, ಕತ್ತರಿಸಿದವರು ಸರ್, ಸುಡುವ ಮುಂಚೆ ತೂಗಿದವರೂ ಸರ್, ಸರಿಯಾಗಿ ಎರಡು ಗ್ರಾಂ, ಈಗ ನಿಮ್ಮ ಕೈಲೇ ಆಗಲಿ ಅಂದು ಪಕ್ಕದಲ್ಲೇ ನಿಂತಿದ್ದಾರೆ. ಇನ್ನೂ ಹತ್ತು ನಿಮಿಷ ಬಿಡ್ತೀನಿ ಸರ್. ಗಂಟೆ ಆಯ್ತಲ್ಲಮ್ಮಾ, ಅದೇನು ಮೊಟ್ಟೆನಾ ಕಾವು ಕೊಡೋಕೆ. ಇರಲಿ ಸರ್, ಬಿಡ್ತೀನಿ. ಹತ್ತಲ್ಲ, ಹನ್ನೆರಡು ಬಿಟ್ಟೆ. ಈಗ ಇಕ್ಕಳ, ಇಟ್ಟೆ, ತಕ್ಕಡಿಯ ಗಾಜಿನ ಬಾಗಿಲು ಹಾಕಿದೆ, ಅಂಕಿ ಓಡುತ್ತದೆ, ತಡವರಿಸುತ್ತದೆ, ನಿಲ್ಲುತ್ತದೆ, ಮೂಸೆಯ ತೂಕ ಕಳೆ, ಬೂದಿ ಒಂದು ಪಾಯಿಂಟ್ ಮೂರು ಎರಡು, ಎರಡರಲ್ಲಿ ಅದನ್ನು ಕಳೆದರೆ ಪಾಯಿಂಟ್ ಆರು ಎಂಟು, ಇನ್ನೊಂದು ಸಲ ಕಳೆ, ಪಾಯಿಂಟ್ ಆರು ಎಂಟೇ, ನೂರಕ್ಕೆ ಮೂವತ್ನಾಲ್ಕು, ಮೂವತ್ನಾಲ್ಕು! ಕಾದಿದ್ದೆ ಅವತ್ತು, ಕಾದೇ ಇದ್ದೆ, ಮುನ್ನೂರ ಹನ್ನೆರಡೂ ಎದ್ದು ನಿಂತವು, ಇಡೀ ಕೆರೆಯೇ ಎದ್ದು ನಿಂತಿತು, ಕೂಗಬೇಕು, ಕೂಗಲಾರೆ, ಇಕ್ಕಳವೊಂದನ್ನು ಮೇಲೆತ್ತಿ ಹಿಡಿದಿದ್ದೇನೆ ಕತ್ತಿಯ ಹಾಗೆ. ನಿಮ್ಮ ಕೈ ಸರಿಯಾಗೇ ಇತ್ತು ಕಣಮ್ಮಾ, ಅನುಮಾನ ಪಟ್ಟಿದ್ದು ನಂದೇ ತಪ್ಪು, ಸರ್ ನನ್ನ ಪುಸ್ತಕ ತಿರುವುತ್ತಿದ್ದಾರೆ, ಇಲ್ಲೇನೋ ಹೊಡೆದುಹಾಕಿದ್ದೀರಲ್ಲ ಎಲೆಯ ಹಿಂದೆ. ಹಸಿರು, ಸರ್. ಕಣ್ಣಾರೆ ನೋಡಿದ್ರಾ. ನೋಡಿದೆ. ಮತ್ಯಾಕೆ ಹೊಡೆದ್ರಿ, ಬರೀರಿ. ಪೆನ್ನು ಎಲ್ಲಿ, ಕಿವಿಯ ಮೇಲೇ ಇದೆ, ಬರೆಯುತ್ತಿದ್ದೇನೆ, ದಪ್ಪ ಅಕ್ಷರದಲ್ಲಿ, ಕೆಸರು ಸೀಳುತ್ತೇನೆ, ಕಪ್ಪಿನ ನಡುವೆ ಹಸಿರು, ಒಂದೊಂದು ನರ, ಹಸಿರು, ಹಸಿರು —