ಸೊಟ್ಟ ನಾಮ

"ಸೊಟ್ಟ ನಾಮದ ಬಂಡೆ ಇದೇ ತಾನೆ?" ಕಾರಿನಿಂದ ಇಳಿದವನು ಕೇಳಿದ.

ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ದಾಸಪ್ಪ ತಲೆಯೆತ್ತಿದ. ರಜೆಗೆ ಬಂದು ಜಗಲಿಯಲ್ಲಿ ಕೂತಿದ್ದ ಅಳಿಯ ದೇವರಾಜು ಎದ್ದು ನಿಂತ. ಬಂದವರು ಮೂವರು. ಕೊರಳಲ್ಲಿ ದುರ್ಬೀನು, ಒಬ್ಬನ ಹೆಗಲ ಮೇಲೆ ಮೊಳದುದ್ದದ ಲೆನ್ಸು. ಹತ್ತಿರದ ಊರು ಕೈಲಾಂಚದಿಂದ ಈಚೆಗೆ ಕಾರು ಬರುತ್ತಿದ್ದುದು ಮದುವೆಗೆ, ಇಲ್ಲವೇ ಸಾವಿಗೆ.

ಬಂಡೆ ಮನೆಯ ಹಿಂದೆಯೇ ಇತ್ತು. ಶ್ರಾವಣ ಶನಿವಾರ ದಾಸಪ್ಪನ ಮನೆಯವರು ಮೇಲಿನಿಂದ ಹಗ್ಗ ಇಳಿಬಿಟ್ಟು ಅದರ ಮೇಲೆ ಸುಣ್ಣದಲ್ಲಿ ನಾಮ ಬರೆಯುತ್ತಿದ್ದರು. ಅವನ ಅಪ್ಪನ ಕಾಲದಲ್ಲಿ ಒಮ್ಮೆ ಹಗ್ಗ ಜಾರಿ ಬಲಗಡೆಯ ಗೆರೆ ಸೊಟ್ಟಗಾಗಿತ್ತು. ಅದನ್ನು ಯಾರೂ ನೆಟ್ಟಗೆ ಮಾಡಲಿಲ್ಲ. ಪ್ರತಿ ವರ್ಷವೂ ಸೊಟ್ಟ ಗೆರೆಯ ಮೇಲೆಯೇ ಸುಣ್ಣ ಬಳಿದರು. ಈ ಚಳಿಗಾಲ ನಾಮದ ಮೇಲೆ ಮುಂಚಾಚಿದ ಕಲ್ಲಿನ ಚಾಚಿನಲ್ಲಿ ಒಂದು ಜೋಡಿ ರಣಹದ್ದು ಗೂಡು ಕಟ್ಟಿತ್ತು. ಸುತ್ತಲಿನ ಬೆಟ್ಟಗಳಲ್ಲಿ ಅವು ಬೆರಳೆಣಿಕೆಯಷ್ಟು ಉಳಿದಿದ್ದವು.

ದೇವರಾಜುವಿಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ. ರಜೆಯಲ್ಲಿ ಹಕ್ಕಿ ನೋಡುವ ಹುಚ್ಚು. ಹೆಂಡತಿ ಲತಾಮಣಿ ತವರಿನಲ್ಲಿ ಹೆತ್ತಾಗ ಹೊಸ ಕ್ಯಾಮೆರಾ ಹಿಡಿದು ಮಗಳನ್ನು ನೋಡಲು ಬಂದಿದ್ದ. ಅತ್ತೆ ಕಾವೇರಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮೂರು ತಿಂಗ್ಳು ತುಂಬ್ಲಿ ಅಳಿಯಂದ್ರೇ. ಹಸುಗೂಸಿನ ಪಟ ತೆಗುದ್ರೆ ದೃಷ್ಟಿ ಆಯ್ತದೆ."

ಹೊಸ ಕ್ಯಾಮೆರಾ ಕೈಯಲ್ಲಿ ಸುಮ್ಮನಿರಲಿಲ್ಲ. ಹಿತ್ತಲಿಗೆ ಹೋಗಿ ಬಂಡೆಯತ್ತ ತಿರುಗಿಸಿದ. ದಾಸಪ್ಪ ಹಿಂದೆಯೇ ಬಂದ.

"ಯಾರ್ಗೂ ಹೇಳ್ಬ್ಯಾಡಿ. ಅದೂ ಬಾಣಂತಿನೇಯ. ಮರಿ ಹಾರೋಗಂಟ ನಾವೇ ಆ ಕಡೀಕೆ ಹೋಗಕಿಲ್ಲ."

"ಇಲ್ಲ ಮಾವ, ನನ್ನಾಣೆ," ಎಂದಿದ್ದ ದೇವರಾಜು.

ಮುಂದಿನ ವಾರ ಬಿಡದಿಯ ಸೈಬರ್ ಸೆಂಟರಿನಲ್ಲಿ ಕೂತು ಹಕ್ಕಿ ನೋಡುವವರ ಇಮೇಲ್ ಗುಂಪಿಗೆ ಆ ಫೋಟೋ ಕಳಿಸಿದ. ಗೂಡಿನ ಜಾಗ ಬರೆಯಬಾರದೆಂಬುದು ಗುಂಪಿನ ನಿಯಮ. ಅವನು ತಾಲ್ಲೂಕನ್ನೂ ಬರೆಯಲಿಲ್ಲ. ಮಾಗಡಿ ಕಡೆಯೋ ಕನಕಪುರ ಕಡೆಯೋ ಎಂದು ಕೇಳಿದವರಿಗೆ ಉತ್ತರ ಕೊಡಲಿಲ್ಲ. ಕೊಟ್ಟ ಮಾತೂ ಉಳಿಯಿತು, ಹೆಸರೂ ಬಂತು ಅಂದುಕೊಂಡ. ಫೋಟೋದ ಕೆಳಗಿನ ಅಂಚಿನಲ್ಲಿ ನಾಮ ಬಿದ್ದಿದ್ದು ಅವನ ಕಣ್ಣಿಗೆ ಹತ್ತಲೇ ಇಲ್ಲ. ಮದುವೆಯಾದಾಗಿನಿಂದ ನೋಡಿದ ನಾಮ ಅದು.

"ನೀವು ದೇವರಾಜು ಅಲ್ವಾ?" ಕಾರಿನವನು ಜಗಲಿ ಹತ್ತಿ ಕೈ ಚಾಚಿದ. "ನಾನು ಮನೋಹರ್, ಗುಂಪಿನಲ್ಲಿ ಬರೀತೀನಲ್ಲ. ಜಾಗದ ಹೆಸರು ಹೇಳ್ದೆ ಒಳ್ಳೇದು ಮಾಡಿದ್ರಿ, ಎಲ್ರೂ ಹಾಗಿರ್ಬೇಕು. ರಣಹದ್ದಿರೋ ಬೆಟ್ಟದ ಊರುಗಳಲ್ಲೆಲ್ಲ ಫೋಟೋ ತೋರಿಸ್ಕೊಂಡು ಬಂದ್ವಿ. ಕೈಲಾಂಚದಲ್ಲಿ ಟೀ ಅಂಗಡಿಯವನು ಅದರಲ್ಲಿದ್ದ ನಾಮ ನೋಡಿ, 'ದಾಸಪ್ಪನ ಮನೆ ಸೊಟ್ಟ ನಾಮ' ಅಂದ."

ಬೇಲಿಯಾಚೆಯಿಂದ ಪಕ್ಕದ ಮನೆಯ ಲಿಂಗಯ್ಯ ಕೂಗಿದ: "ಏನ್ಲಾ ದಾಸ, ರಣಹದ್ದಿನ ಮನೇಗೂ ಬೀಗ್ರು ಬಂದವ್ರೆ ಕಣ್ಲಾ!"

ದಾಸಪ್ಪ ನಗಲಿಲ್ಲ. ಸೊಪ್ಪು ಬಿಟ್ಟು ಜಗಲಿಯ ಬಳಿ ಬಂದು ಅಳಿಯನ ಮುಖ ನೋಡಿದ.

"ನಿಮ್ ಕಡೆಯೋರಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಬಂಡೆ ನೋಡಲು ಬಂದ ಕ್ವಾರಿಯವರನ್ನೇ ದಾಸಪ್ಪ ಕುಡುಗೋಲು ಹಿಡಿದು ಅಟ್ಟಿದ್ದ. ಆದರೆ ಇಲ್ಲ ಎಂದರೆ, ಅವರ ಕೈಗೆ ಆ ಪಟ ಹೇಗೆ ಬಂತು ಎಂಬ ಮಾತು ಏಳುತ್ತಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದಳು.

"ಹೂಂ," ಎಂದ ದೇವರಾಜು. "ಪರಿಚಯದೋರು."

ಅಳಿಯನ ಕಡೆಯವರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕಾವೇರಮ್ಮ ಮಜ್ಜಿಗೆ ತಂದಳು. ದಾಸಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಹಿಂದ್ಗಡೆಯಿಂದ ದಾರಿ ಐತೆ, ಬನ್ನಿ," ಎಂದು ತಾನೇ ಮುಂದೆ ನಡೆದ.

"ಸಾರ್, ಕೆಳಗಿಂದ್ಲೇ ನೋಡಿದ್ರೆ ಸಾಕು," ಎಂದ ದೇವರಾಜು.

"ಐದೇ ನಿಮಿಷ," ಎಂದ ಮನೋಹರ್.

ಸ್ವಲ್ಪ ಹೊತ್ತಿಗೆ ಬಂಡೆಯ ನೆತ್ತಿಯಲ್ಲಿ ತಲೆಗಳು ಕಂಡವು. ಗೂಡಿನ ಹಕ್ಕಿ ಎದ್ದು ನಿಂತಿತು, ರೆಕ್ಕೆ ಬಿಚ್ಚಿ ಕಣಿವೆಗೆ ಜಾರಿತು. ಅದು ಮರಳಿ ಬಂದು ಕೂರುವುದನ್ನು ಹಿಡಿಯಲು ಮೂವರೂ ಅಂಚಿನಲ್ಲೇ ಕಾದು ಕೂತರು. ಅವರು ಕೂತಿರುವವರೆಗೆ ಅದು ಬರಲಿಲ್ಲ. ಕಾಗೆಗಳು ಬಂದವು. ದಾಸಪ್ಪ ಕೆಳಗಿಳಿದು ಬಂದು ಕಲ್ಲು ಬೀಸಿದ, ಚಾಚಿನವರೆಗೆ ಮುಟ್ಟಲಿಲ್ಲ.

ಮುಂದಿನ ಭಾನುವಾರ ಬೇರೆ ಕಾರು ಬಂತು. ಅಷ್ಟರಲ್ಲಿ ಗೂಡಿನಲ್ಲಿ ನೋಡಲು ಏನೂ ಇರಲಿಲ್ಲ.

ಅಳಿಯ ಊಟಕ್ಕೆ ಕೂತಾಗ ಕಾವೇರಮ್ಮ ಮುದ್ದೆಯ ಮೇಲೆ ತುಪ್ಪ ಹಾಕುವುದನ್ನು ಬಿಡಲಿಲ್ಲ. ಒಂದು ದಿನ ಕೈ ತೊಳೆಯುತ್ತ ದಾಸಪ್ಪ, "ಮೊಟ್ಟೆ ಕಾಗೆ ತಿಂದೋ," ಎಂದ.

ಮಗುವಿಗೆ ಮೂರು ತಿಂಗಳು ತುಂಬಿತು. ಕಾವೇರಮ್ಮ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಮೊಮ್ಮಗಳನ್ನು ಲತಾಮಣಿಯ ತೊಡೆಗೆ ಕೊಟ್ಟಳು. ಹಿತ್ತಲಲ್ಲಿ ಬೆಳಕು ಚೆನ್ನಾಗಿತ್ತು.

"ಈಗ ತೆಗೀರಿ ಅಳಿಯಂದ್ರೇ."

ದೇವರಾಜು ಕ್ಯಾಮೆರಾ ಕಣ್ಣಿಗಿಟ್ಟ. ಹೆಂಡತಿಯ ಭುಜದ ಮೇಲೆ, ದೂರದಲ್ಲಿ, ಬೆಳ್ಳಗೆ ನಾಮ ಕಂಡಿತು. ಕ್ಯಾಮೆರಾ ಇಳಿಸಿದ.

"ಒಸಿ ಗೋಡೆ ಕಡೀಕೆ ಬಾ."

"ನಾಮಾನೂ ಬೀಳ್ಲಿ ಬುಡಿ, ದೇವ್ರಲ್ವಾ?" ಎಂದಳು ಲತಾಮಣಿ.

"ಬ್ಯಾಡ."

ಸೊಪ್ಪು ಕತ್ತರಿಸುತ್ತಿದ್ದ ದಾಸಪ್ಪನ ಕೈ ಒಂದು ಗಳಿಗೆ ನಿಂತು, ಮತ್ತೆ ಆಡತೊಡಗಿತು. ಲತಾಮಣಿ ಎದ್ದು ಬಂದು ಗೋಡೆಗೆ ಒರಗಿ ಕೂತಳು. ಚೌಕಟ್ಟಿನಲ್ಲಿ ತಾಯಿ, ಮಗು, ಹಿಂದೆ ಬರಿಯ ಮಣ್ಣಿನ ಗೋಡೆ.