ಬೆನಿತಾಳ ಹಿಂದೆ ಬರುವ ಸೈಕಲ್ಲು

ಬೆನಿತಾಳಿಗೆ ಅನ್ನದ ಕುಕ್ಕರ್ ತೆರೆಯುವುದು ಹೇಗೆಂದು ಮರೆತುಹೋಗಿ ವರ್ಷವಾಗಿತ್ತು. ಮೊಮ್ಮಗಳ ಹೆಸರು ಹೋಗಿತ್ತು. ಮೂವತ್ತು ವರ್ಷ ವ್ಯಾಯಾಮ ಹೇಳಿಕೊಟ್ಟ ಶಾಲೆಯ ಹೆಸರೂ ಹೋಗಿತ್ತು. ಆದರೆ ಬೆಳಗ್ಗೆ ಐದೂವರೆಗೆ ಎದ್ದು ಓಟದ ಬೂಟಿಗೆ ಲೇಸು ಬಿಗಿಯುವುದು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಅವರ ಮನೆ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದ ಪಡುವಣ ದಡದಲ್ಲಿ, ಓಲೆಯಾಯ್ ಹತ್ತಿರ. ಗೇಟು ದಾಟಿ, ರಸ್ತೆ ದಾಟಿದರೆ ಸಮುದ್ರವನ್ನೇ ಹಿಡಿದು ಸುಸುಪೆಯ ಕಡೆಗೆ ಹೋಗುವ ಕಾಂಕ್ರೀಟಿನ ದಾರಿ. ಇಪ್ಪತ್ತೆರಡರ ಹರೆಯದಲ್ಲಿ ದ್ವೀಪಗಳ ಕ್ರೀಡಾಕೂಟದಲ್ಲಿ ಸಾವಿರದೈನೂರು ಮೀಟರಿನ ಬೆಳ್ಳಿ ಗೆದ್ದವಳು ಬೆನಿತಾ. ಆ ದಾರಿಗೆ ಸಿಮೆಂಟು ಬೀಳುವ ಮೊದಲೇ ಮರಳಿನ ಮೇಲೆ ಓಡಿದ್ದವಳು. ಗಂಡ ಹಸಿಂಟೋ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರಾಗಿದ್ದು ನಿವೃತ್ತನಾದವನು. ಓಡುವವಳನ್ನು ಮದುವೆಯಾದನೇ ಹೊರತು ತಾನು ಮಾತ್ರ ಮಳೆ ಬಂದರೂ ಓಡಿದವನಲ್ಲ. ಅರವತ್ತಾರಕ್ಕೆ ಹೊಟ್ಟೆ ಮುಂದೆ ಬಂದಿತ್ತು, ಎಡಮಂಡಿ ಕೈಕೊಟ್ಟಿತ್ತು.

ಮೂರು ತಿಂಗಳಿಗೊಮ್ಮೆ ಪಕ್ಕದ ಗುವಾಮ್ ದ್ವೀಪದಿಂದ ಬರುತ್ತಿದ್ದ ಡಾಕ್ಟರು, ಕಾಲು ನಡೆಯುವಷ್ಟು ದಿನ ಓಡಲಿ, ಆದರೆ ಒಬ್ಬಳನ್ನೇ ಬಿಡಬೇಡಿ ಎಂದಿದ್ದರು. ಅದಕ್ಕೇ ಹಸಿಂಟೋ ಒಂದು ಹಳೆಯ ಸೈಕಲ್ಲು ತಂದ. ಮುಂದೆ ಅವಳು, ಹಿಂದೆ ಹತ್ತು ಮಾರು ದೂರದಲ್ಲಿ ಅವನು. ಗಾಳಿಮರಗಳ ಸಾಲು ಮುಗಿಯುವಲ್ಲಿ ಪಕ್ಕಕ್ಕೆ ಬಂದು, "ಬೆನಿ, ಸಾಕು, ತಿರುಗೋಣ" ಎಂದು ಮೊಣಕೈ ಮುಟ್ಟಿದರೆ ಅವಳು ಮಾತಿಲ್ಲದೆ ತಿರುಗುತ್ತಿದ್ದಳು. ಮಿಕ್ಕ ಇಪ್ಪತ್ಮೂರು ಗಂಟೆ ಮನೆಯಲ್ಲಿ ಏನೇ ಆಗಲಿ, ಆ ಒಂದು ಗಂಟೆ ಅವಳ ಬೆನ್ನು ನೋಡುತ್ತಿದ್ದರೆ ಅವನಿಗೆ ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ಓಡುವಾಗ ಅವಳ ಭುಜ ಅಲುಗುತ್ತಿರಲಿಲ್ಲ. ದಾರಿಗೆ ಅಡ್ಡ ಬರುವ ಬೀದಿನಾಯಿಗಳೂ ಅವಳನ್ನು ಕಂಡರೆ ಸುಮ್ಮನೆ ಸರಿದು ನಿಲ್ಲುತ್ತಿದ್ದವು.

ಮೇ ತಿಂಗಳ ಒಂದು ಮಂಗಳವಾರ ಅವಳು ಓಡುತ್ತ ಓಡುತ್ತ ಒಮ್ಮೆ ಹಿಂತಿರುಗಿ ನೋಡಿದಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮೂರನೆಯ ಸಲ ನೋಡಿದವಳು ವೇಗ ಹೆಚ್ಚಿಸಿದಳು. ಇವತ್ತು ಹುರುಪಿನಲ್ಲಿದ್ದಾಳೆ ಎಂದುಕೊಂಡು ಹಸಿಂಟೋ ಪೆಡಲು ಜೋರಾಗಿ ತುಳಿದ. ಅವನು ಹತ್ತಿರವಾದಷ್ಟೂ ಅವಳು ಇನ್ನಷ್ಟು ಜೋರಾಗಿ ಓಡಿದಳು. ಕೊನೆಗೆ ದಾರಿ ಬಿಟ್ಟು ಮರಳಿಗಿಳಿದು, ಬಲೆಯಿಂದ ಪಾಚಿ ಬಿಡಿಸುತ್ತ ಕೂತಿದ್ದ ಲಿನೋನ ಬೆನ್ನಿಗೆ ಹೋಗಿ ನಿಂತಳು. ಲಿನೋ ಅವರ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿದ್ದವನು. ಅವನ ಗುರುತು ಅವಳಿಗೆ ಸಿಕ್ಕಿತು.

"ಲಿನೋ, ಆ ದಪ್ಪಗಿರೋನು ಆಗಿನಿಂದ ನನ್ನ ಹಿಂದೇನೇ ಬರ್ತಿದಾನೆ" ಎಂದಳು.

ಲಿನೋ ನಕ್ಕ. "ಇವತ್ತೇನು ಹೊಸದಾ? ನಲವತ್ತು ವರ್ಷದಿಂದ ಬರ್ತಾನೇ ಇದಾನಲ್ಲ." ಹಾಗೆಂದವನು, ಅವಳು ತನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಬೆನ್ನಿಗೆ ಇನ್ನಷ್ಟು ಒತ್ತಿಕೊಂಡದ್ದನ್ನು ಕಂಡು ನಗು ನಿಲ್ಲಿಸಿದ.

ಹಸಿಂಟೋ ಸೈಕಲ್ಲನ್ನು ಮರಳಿನಲ್ಲೇ ಬೀಳಿಸಿ ಬಂದ. "ಬೆನಿ, ನಾನು ಕಣೆ. ಹಸಿಂಟೋ."

"ನನ್ನ ಗಂಡನ ಹೆಸರು ಇವನಿಗೆ ಹೇಗೆ ಗೊತ್ತು?" ಎಂದು ಅವಳು ಲಿನೋನನ್ನು ಕೇಳಿದಳು. ಆಮೇಲೆ ಧೈರ್ಯ ತಂದುಕೊಂಡು ಹಸಿಂಟೋನ ಕಡೆಗೇ ತಿರುಗಿದಳು. "ನೋಡು, ನನ್ನ ಗಂಡ ಪವರ್ ಪ್ಲಾಂಟಲ್ಲಿದಾನೆ. ಶಿಫ್ಟು ಮುಗಿಸ್ಕೊಂಡು ಈಗ ಬರ್ತಾನೆ. ಅವನ ಕೈಗೆ ಸಿಕ್ಕಿದ್ರೆ ನಿನ್ನ ಮೂಳೆ ಉಳಿಯಲ್ಲ."

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ನೀರಿನ ಕಡೆಗೆ ಎರಡು ಹೆಜ್ಜೆ ಹಿಂದೆ ಸರಿದಳು. ಅಲ್ಲಿಗೆ ಅವನ ಕಾಲು ನಿಂತುಹೋಯಿತು.

ಲಿನೋ ದನಿ ತಗ್ಗಿಸಿ ಹೇಳಿದ: "ಸ್ವಲ್ಪ ಆಚೆ ಹೋಗು ಮಾರಾಯ. ಕಣ್ಣಿಗೆ ಕಾಣದ ಹಾಗೆ ಇರು. ಟ್ರಿನಿಗೆ ಫೋನ್ ಮಾಡು."

ಹಸಿಂಟೋ ಗಾಳಿಮರದ ಮರೆಗೆ ಹೋಗಿ ಮಗಳಿಗೆ ಫೋನ್ ಮಾಡಿದ. ಟ್ರಿನಿ ಬಂದರಿನ ಕಚೇರಿಯಿಂದ ಕಾರು ತಂದು ಅಮ್ಮನನ್ನು ಕೂರಿಸಿಕೊಂಡು ಹೋಗುವವರೆಗೂ ಅವನು ಮರದ ಹಿಂದೆ, ಕಳ್ಳನ ಹಾಗೆ, ನಿಂತೇ ಇದ್ದ.

ಅವನು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂದಾಗ ಬೆನಿತಾ ಅಡುಗೆಮನೆಯಲ್ಲಿ ಬ್ರೆಡ್ಡನ್ನು ಕಾಫಿಗೆ ಅದ್ದಿ ತಿನ್ನುತ್ತಿದ್ದಳು. ಅವನನ್ನು ನೋಡಿದ್ದೇ, "ಎಲ್ಲಿಗೆ ಹೋಗಿದ್ದೆ? ಬೇಕು ಅಂದಾಗಲೇ ನೀನು ಇರಲ್ಲ" ಎಂದಳು. ಒಬ್ಬ ಗಂಡಸು ಸೈಕಲ್ಲಿನಲ್ಲಿ ಬೆನ್ನಟ್ಟಿಕೊಂಡು ಬಂದ ಕಥೆಯನ್ನು ಮೊದಲಿನಿಂದ ಹೇಳಿದಳು.

"ನೋಡೋಕೆ ಹೇಗಿದ್ದ?"

"ಮುದುಕ. ಪಾಪ, ಮುಖ ನೋಡಿದ್ರೆ ಈಗ ಅಳ್ತಾನೇನೋ ಅನ್ನಿಸ್ತಿತ್ತು. ಹಾಗಂತ ನಂಬೋಕಾಗುತ್ತಾ?"

"ಆಗಲ್ಲ" ಎಂದ ಹಸಿಂಟೋ. ನಾಳೆಯಿಂದ ತಾನೇ ಜೊತೆಗೆ ಬರುವುದಾಗಿ ಮಾತು ಕೊಟ್ಟ. ಅವಳು ಸಮಾಧಾನದಿಂದ ಅವನ ಕೈಮೇಲೆ ಕೈಯಿಟ್ಟಳು.

ಮಾರನೆಯ ದಿನ ಟ್ರಿನಿ ಅಮ್ಮನ ಜೊತೆ ಓಡಲು ಹೋದಳು. ಮೂವತ್ತೆಂಟರ ಮಗಳು ಅರವತ್ತೊಂದರ ತಾಯಿಯ ಸಮಕ್ಕೆ ಅರ್ಧ ಮೈಲಿಯೂ ಓಡಲಾರದೆ ಹೊಟ್ಟೆ ಹಿಡಿದು ಕೂತಳು. ತಾಯಿ ತಿರುಗಿಯೂ ನೋಡಲಿಲ್ಲ. ಹಾಗಾಗಿ ಮತ್ತೆ ಸೈಕಲ್ಲೇ ಗತಿಯಾಯಿತು. ಅವಳ ನೆನಪಿನಲ್ಲಿರುವ ಗಂಡನಂತೆ ಕಾಣಲೆಂದು ಹಸಿಂಟೋ ಮೀಸೆ ಬೋಳಿಸಿದ. ಪೆಟ್ಟಿಗೆಯ ತಳದಿಂದ ವಿದ್ಯುತ್ ಸ್ಥಾವರದ ನೀಲಿ ಅಂಗಿ ಹುಡುಕಿ, ಗುಂಡಿ ಹಾಕಲಾಗದಿದ್ದರೂ, ತೊಟ್ಟುಕೊಂಡ. ಎರಡು ದಿನ ಅದು ನಡೆಯಿತು. ಅವಳು ಹಿಂತಿರುಗಿ ನೋಡಿ ಅವನಿಗೆ ಕೈಬೀಸಿದ್ದೂ ಉಂಟು. ಎರಡನೆಯ ರಾತ್ರಿ ಹಸಿಂಟೋ ತಿಂಗಳಿಂದೀಚೆಗೆ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದ.

ಮೂರನೆಯ ಬೆಳಗ್ಗೆ, ಹಿಂದೊಮ್ಮೆ ಚಂಡಮಾರುತ ಕಿತ್ತುಹಾಕಿದ ಕಾಂಕ್ರೀಟು ಮರಳಿನ ಮೇಲೆ ಚಾಚಿಕೊಂಡಿರುವ ಜಾಗದಲ್ಲಿ, ಬೆನಿತಾ ಬಗ್ಗಿ ಹವಳದ ಕಲ್ಲೊಂದನ್ನು ಎತ್ತಿಕೊಂಡು ಬೀಸಿದಳು. ಅದು ಅವನ ಹುಬ್ಬಿನ ಮೇಲೆ ಬಿತ್ತು. ನೆತ್ತರಿಗೆ ಅವನು ಅಂಜಲಿಲ್ಲ. ಆದರೆ ಅವಳು ಅಲ್ಲಿಂದ ಓಡಿದ್ದು ದಾರಿಯುದ್ದಕ್ಕೆ ಅಲ್ಲ, ನೇರ ರಸ್ತೆಗೆ. ಪಿಕಪ್ಪೊಂದು ಬ್ರೇಕು ಹಾಕಿ ಅಡ್ಡಾದಿಡ್ಡಿ ತಿರುಗಿ, ಅವಳಿಂದ ಎರಡು ಮೊಳದಲ್ಲಿ ನಿಂತಿತು. ಅಷ್ಟೂ ಹೊತ್ತು ಹಸಿಂಟೋ ಸೈಕಲ್ಲು ಹಿಡಿದು ನಿಂತಿದ್ದ. ಓಡಿಹೋಗಿ ಹಿಡಿಯಲು ಕಾಲಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಅವಳು ಇನ್ನೂ ದೂರ ಓಡುತ್ತಾಳೆಂದು ಬಾಯನ್ನೂ ತೆರೆಯಲಿಲ್ಲ.

ಆ ಸಂಜೆಯೇ ಟ್ರಿನಿ ಗೇಟಿಗೆ ಬೀಗ ತಂದಳು. ಬೀಗ ಹಾಕುವುದೆಂದರೆ ಬೆನಿತಾಳನ್ನು ಬದುಕಿರುವಾಗಲೇ ಹೂತ ಹಾಗೆ ಎಂದು ಹಸಿಂಟೋ ವಾದಿಸಿದ. ಟ್ರಿನಿ ಅವನ ಹುಬ್ಬಿಗೆ ಹೊಸ ಪಟ್ಟಿ ಅಂಟಿಸುತ್ತ ಕೇಳಿಸಿಕೊಂಡಳು.

"ಓಡಬೇಡ ಅನ್ನೋಕೆ ನನಗೂ ಬಾಯಿ ಬರಲ್ಲ ಅಪ್ಪ. ಸಾಯಲಿ ಅಂತ ಬಿಡೋಕೂ ಆಗಲ್ಲ. ಬೇರೆ ಏನಾದ್ರೂ ದಾರಿ ಇದ್ರೆ ನೀನೇ ಹೇಳು."

ಹಸಿಂಟೋ ಅವಳ ಮುಂದೆ ಕೈ ಚಾಚಿದ. ಬೀಗದ ಕೈ ತೆಗೆದುಕೊಂಡು ಜೇಬಿನಲ್ಲಿ ಹಾಕಿಕೊಂಡ.

ಬೆಳಗ್ಗೆ ಐದೂವರೆಗೆ ಬೆನಿತಾ ಎದ್ದಳು, ಬೂಟು ಕಟ್ಟಿಕೊಂಡಳು, ಗೇಟಿನವರೆಗೆ ಹೋದಳು. ಬೀಗವನ್ನು ಎರಡು ಸಲ ಎಳೆದು ನೋಡಿದಳು. ಹಸಿಂಟೋ ಮೆಟ್ಟಿಲಿಳಿದು ಹತ್ತಿರ ಬಂದ. ಅವಳು ಹೆದರಲಿಲ್ಲ, ಓಡಲೂ ಇಲ್ಲ. ಗುರುತಿಲ್ಲದ ಹಿರಿಯರನ್ನು ದ್ವೀಪದಲ್ಲಿ ಎಲ್ಲರೂ ಕರೆಯುವಂತೆ ಅವನನ್ನು ಟುನ್ ಎಂದು ಕರೆದಳು.

"ಟುನ್, ಈ ಮನೆಯವರ ಹತ್ತಿರ ಕೀ ಇದೆಯಾ ಕೇಳ್ತೀರಾ? ಬಿಸಿಲೇರಿದ್ರೆ ಓಡೋಕಾಗಲ್ಲ."

"ಅವರಿನ್ನೂ ಎದ್ದಿಲ್ಲಮ್ಮ" ಎಂದ ಹಸಿಂಟೋ.

ಸರಿ, ಕಾಯುತ್ತೇನೆ ಎಂದಳು ಬೆನಿತಾ. ಗೇಟಿನ ಸರಳು ಹಿಡಿದು ಒಂದು ಕಾಲಿನ ಮೀನಖಂಡ ಎಳೆದು ಸಡಿಲ ಮಾಡಿಕೊಂಡಳು, ಆಮೇಲೆ ಇನ್ನೊಂದು ಕಾಲಿನದು. ರಸ್ತೆಯಾಚೆ ಶಾಲೆಯ ಹುಡುಗಿಯರ ಗುಂಪೊಂದು ಓಡಿಹೋಯಿತು. ಅವಳು ಅವರ ಹೆಜ್ಜೆಯನ್ನೇ ನೋಡಿ, ಕೊನೆಯವಳು ಹಿಮ್ಮಡಿ ಊರಿ ಓಡುತ್ತಿದ್ದಾಳೆ, ಹೀಗಾದರೆ ಮಂಡಿ ಹೋಗುತ್ತದೆ, ಯಾರಾದರೂ ಹೇಳಿಕೊಡಬೇಕು ಎಂದಳು. ಹೌದು ಎಂದ ಹಸಿಂಟೋ. ಅವನು ಅವಳಿಂದ ಒಂದು ಮಾರು ದೂರದಲ್ಲೇ ನಿಂತಿದ್ದ. ಅದಕ್ಕಿಂತ ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ.