ಚಿಕ್ಕಮ್ಮನ ಕತೆ ತಿದ್ದಿದವರು

ಮಗ್ಗೆಯ ಗ್ರಂಥಾಲಯವೆಂದರೆ ಪಂಚಾಯ್ತಿ ಕಚೇರಿಗೆ ಅಂಟಿಕೊಂಡ ಒಂದೇ ಕೋಣೆ. ಮೂರು ಬೀರು, ಎರಡು ಬೆಂಚು, ಕಾಲು ಅಲುಗಾಡುವ ಒಂದು ಮೇಜು. ಅದನ್ನು ನೋಡಿಕೊಳ್ಳುತ್ತಿದ್ದವಳು ವಿಶಾಲಮ್ಮ. ದಿನಸಿ ಅಂಗಡಿ ಏಕಾಂತಯ್ಯನ ಹೆಂಡತಿ, ನಲವತ್ತಾರು ವರ್ಷ, ಮಕ್ಕಳಿಲ್ಲ. ಬಂದವರ ಮುಖ ನೋಡಿಯೇ ಪುಸ್ತಕ ಕೊಡುತ್ತಾಳೆ ಎಂದು ಅವಳಿಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಪಿಯುಸಿ ಫೇಲಾದವನಿಗೆ ನಗೆಬರಹ, ಹೊಸದಾಗಿ ಮದುವೆಯಾದವಳಿಗೆ ಪತ್ತೇದಾರಿ, ಅಳಿಯನ ಮೇಲೆ ಮುನಿಸಿಕೊಂಡ ಮಾವನಿಗೆ ಪ್ರವಾಸ ಕಥನ. ಹಿಡಿಸಲಿಲ್ಲವೆಂದು ವಾಪಸು ತಂದವರು ಕಡಿಮೆ.

೧೯೯೯ರ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಂಕಜಾಕ್ಷಿ ಬಂದಳು. ಊರಿಗೆ ಎರಡು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮಹೇಶನ ಎರಡನೇ ಹೆಂಡತಿ ಅವಳು, ಇಪ್ಪತ್ತಾರರ ಪ್ರಾಯ. ಮೊದಲ ಹೆಂಡತಿ ತೀರಿಕೊಂಡಾಗ ಮಗಳು ಕೃತಿಕಾಳಿಗೆ ಮೂರು ವರ್ಷ. ಅವಳು ಕುಂದೂರಿನಲ್ಲಿ ತಾಯಿಯ ತಾಯಿಯ ಬಳಿ ಇದ್ದಳು. ಮುಂದೆಯೂ ಅಲ್ಲೇ ಇರುತ್ತಾಳೆಂದು ಎರಡನೇ ಮದುವೆಯ ಮಾತುಕತೆಯಲ್ಲಿ ಹಿರಿಯರು ಹೇಳಿದ್ದರು. ಮದುವೆಯಾಗಿ ಏಳು ತಿಂಗಳಿಗೆ ಆ ಅಜ್ಜಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಲ್ಲೇ ಕುಸಿದು ಪ್ರಾಣ ಬಿಟ್ಟಳು. ತಿಥಿ ಮುಗಿದ ಮಾರನೆಯ ದಿನ ಮಹೇಶ ಎಸ್ಟೇಟಿನ ಜೀಪಿನಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನೂ ಎಂಟು ವರ್ಷದ ಮಗಳನ್ನೂ ತಂದು ಮನೆ ಮುಂದೆ ಇಳಿಸಿದ. ಬೆಳಿಗ್ಗೆ ಇಬ್ಬರಿಗೆ ಅಕ್ಕಿ ಅಳೆದಿದ್ದ ಪಂಕಜಾಕ್ಷಿ ಸಂಜೆಗೆ ತಾಯಿಯಾಗಿದ್ದಳು.

ಕೃತಿಕಾಳನ್ನು ಮಗ್ಗೆಯ ಶಾಲೆಗೆ ಸೇರಿಸಿದ್ದರು. ಶಾಲೆ ಬಿಡುವವರೆಗೆ ಕಾಯಲು ನೆರಳು ಹುಡುಕಿಕೊಂಡು ಪಂಕಜಾಕ್ಷಿ ಗ್ರಂಥಾಲಯದ ಒಳಗೆ ಬಂದಿದ್ದಳು. ಸ್ವಲ್ಪ ಹೊತ್ತು ಬೀರುಗಳ ಮುಂದೆ ಸುಳಿದಾಡಿ, ಕೊನೆಗೆ ಕೇಳಿಯೇಬಿಟ್ಟಳು.

"ಅಕ್ಕ, ಮಲತಾಯಿ ಕತೆ ಏನಾದ್ರೂ ಐತಾ? ಒಳ್ಳೇಳಾಗಿರೋದು?"

"ಇಲ್ದೆ ಏನು, ಕೂತ್ಕೊ," ಎಂದು ವಿಶಾಲಮ್ಮ ಎದ್ದಳು.

ಬೀರುವಿನಿಂದ ಒಂದೊಂದೇ ತೆಗೆದು ನೋಡಿದಳು. ಒಬ್ಬಳು ಮಗುವಿಗೆ ಬರೆ ಹಾಕುತ್ತಿದ್ದಳು. ಇನ್ನೊಬ್ಬಳು ಹಾಲಿಗೆ ವಿಷ ಬೆರೆಸುತ್ತಿದ್ದಳು. ಒಳ್ಳೆಯವಳೂ ಒಬ್ಬಳು ಸಿಕ್ಕಿದಳು, ಆದರೆ ಆ ಮಹಾತಾಯಿ ಎಷ್ಟು ಒಳ್ಳೆಯವಳೆಂದರೆ ಮಗುವಿನ ಕಾಯಿಲೆಯನ್ನು ತಾನು ಅಂಟಿಸಿಕೊಂಡು ಸತ್ತೇ ಹೋಗುತ್ತಿದ್ದಳು. ಇದನ್ನು ಈ ಹುಡುಗಿಯ ಕೈಗೆ ಹೇಗೆ ಕೊಡುವುದು? ಹದಿನಾಲ್ಕು ವರ್ಷದ ಕೆಲಸದಲ್ಲಿ ಮೊದಲ ಸಲ ವಿಶಾಲಮ್ಮನಿಗೆ ಕೊಡಲು ಏನೂ ಸಿಗಲಿಲ್ಲ.

ಒಂದು ಇತ್ತು. ಅದು ಪುಸ್ತಕವಲ್ಲ. ಮೇಜಿನ ಖಾನೆಯಲ್ಲಿದ್ದ ಎರಡು ನೋಟುಬುಕ್ಕು.

ಎರಡು ವರ್ಷದ ಹಿಂದೆ ಒಂದು ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯನ್ನು ಮಗ್ಗೆಯ ಹೆಂಗಸರೆಲ್ಲ ಸರತಿಯ ಮೇಲೆ ಓದುತ್ತಿದ್ದರು. ಅದರಲ್ಲಿ ಸುಲೋಚನ ಎಂಬ ಮಲತಾಯಿ. ಅವಳು ಗಂಡನ ಮಗಳನ್ನು ಹಾಸ್ಟೆಲಿಗೆ ಅಟ್ಟಿದಳು, ಕೊನೆಯ ಕಂತಿನಲ್ಲಿ ಕಣ್ಣು ಕಳೆದುಕೊಂಡು ಅದೇ ಹುಡುಗಿಯ ಕಾಲಿಗೆ ಬಿದ್ದಳು. ಓದಿದವರೆಲ್ಲ ತಕ್ಕ ಶಾಸ್ತಿಯಾಯಿತು ಎಂದರು. ವಿಶಾಲಮ್ಮನಿಗೆ ಮಾತ್ರ ಸಿಟ್ಟು ಬಂತು. ಇಪ್ಪತ್ತೆರಡನೇ ಕಂತಿನವರೆಗೆ ಆ ಸುಲೋಚನ ಸಾಧಾರಣ ಹೆಂಗಸಾಗಿದ್ದಳು, ಹೆದರಿದ್ದಳು ಅಷ್ಟೆ. ಬರೆದವನಿಗೆ ಅವಸರವಾಯಿತು ಎಂದು ಸಂಪಾದಕರಿಗೆ ಕಾಗದ ಹಾಕಿದಳು. ಉತ್ತರ ಬರಲಿಲ್ಲ. ಸರಿ, ನಾನೇ ಬರೆಯುತ್ತೇನೆಂದು ಅದೇ ಊರು, ಅದೇ ಜನ, ಅದೇ ಹೆಸರುಗಳನ್ನಿಟ್ಟುಕೊಂಡು ಇಪ್ಪತ್ತಮೂರನೇ ಕಂತಿನಿಂದ ಕತೆಯನ್ನು ಬೇರೆ ದಾರಿಗೆ ತಿರುಗಿಸಿದಳು. ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ.

"ಇದೊಂದು ಐತೆ ನೋಡು," ಎಂದು ನೋಟುಬುಕ್ಕುಗಳನ್ನು ಮೇಜಿನ ಮೇಲಿಟ್ಟಳು. ಹಿಂದಿನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದಳು. "ಯಾರೋ ಓದೋರು ಮುಂದುವರ್ಸಿ ಬರ್ದಿದ್ದು. ಅಚ್ಚಾಗಿಲ್ಲ. ಓದಿ ನೋಡು, ನಿಂಗೆ ಹಿಡಿಸಬಹುದು."

ಕೊಟ್ಟ ಮೇಲೆ ಅವಳಿಗೆ ಸಮಾಧಾನವಿರಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದಕ್ಕೆ ಏಕಾಂತಯ್ಯ, "ಏನೇ ಇದು, ನೋಟ್‌ಬುಕ್ ಕೊಟ್ಬುಟ್ಟು ಮಗೀನ ಸ್ಕೂಲಿಗೆ ಕಳ್ಸಿದೋಳಂಗೆ ಆಡ್ತೀಯಲ್ಲ," ಎಂದು ನಕ್ಕ.

ಎಂಟು ದಿನ ಪಂಕಜಾಕ್ಷಿಯ ಸುಳಿವಿಲ್ಲ. ಒಂಬತ್ತನೇ ದಿನ ಬಂದು ನೋಟುಬುಕ್ಕುಗಳನ್ನು ಮೇಜಿನ ಮೇಲಿಟ್ಟು ಕೂತಳು.

"ಹೆಂಗಿತ್ತು?"

"ಚೆನ್ನಾಗೈತೆ ಅಕ್ಕ. ಆದ್ರೆ..." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬರ್ದೋರಿಗೆ ಮಕ್ಕಳಿಲ್ಲ ಅನ್ಸುತ್ತೆ."

ವಿಶಾಲಮ್ಮ ಕೈಯಲ್ಲಿದ್ದ ರಬ್ಬರು ಮುದ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಯಾಕೆ ಹಂಗಂತೀಯ?"

"ಆ ಮಗೀಗೆ ಜ್ವರ ಬರುತ್ತಲ್ಲ, ಸುಲೋಚನ ಮೂರು ದಿನ ಪಕ್ಕದಲ್ಲೇ ಕೂತಿರ್ತಾಳೆ. ಜ್ವರ ಬಿಟ್ಟಾಗ ಮಗು ಅಮ್ಮಾ ಅಂತ ತಬ್ಕೊಳ್ಳುತ್ತೆ. ನಮ್ಮ ಕೃತಿಕಾಗೂ ಹೋದ ವಾರ ಮಂಗನಬಾವು ಬಂದಿತ್ತು ಅಕ್ಕ. ಕತೆ ಓದಿದ್ನಲ್ಲ, ನಾನೂ ಮೂರು ದಿನ ಕೂತಿದ್ದೆ. ಗಂಜಿ ಕುಡಿಸ್ದೆ, ಬೇವಿನ ಸೊಪ್ಪು ಅರೆದು ಹಚ್ಚಿದೆ. ಅವಳು ಅಜ್ಜೀ ಅಂತ ಗೋಡೆ ಕಡೆ ತಿರುಕೊಂಡು ಮಲಗಿದ್ಲು. ಬಾವು ಇಳೀತು, ಎದ್ದು ಸ್ಕೂಲಿಗೆ ಹೋದ್ಲು. ಅಷ್ಟೆ." ಅವಳ ಧ್ವನಿ ಲೆಕ್ಕ ತಪ್ಪಿದ್ದೆಲ್ಲಿ ಎಂದು ಕೇಳುವವಳ ಹಾಗಿತ್ತು. "ಕತೆಯೋಳಿಗೆ ಮೂರು ದಿನಕ್ಕೆ ಆಗಿದ್ದು ನಂಗ್ಯಾಕೆ ಆಗ್ಲಿಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು."

 ಆ ಜ್ವರದ ಅಧ್ಯಾಯವನ್ನು ಬರೆದ ದಿನ ವಿಶಾಲಮ್ಮ ಖುಷಿಯಿಂದ ಅತ್ತಿದ್ದಳು. ಈಗ ಗೊತ್ತಾಯಿತು, ಅದು ತನಗೆ ಬೇಕಾಗಿದ್ದನ್ನು ತಾನು ಬರೆದುಕೊಂಡಿದ್ದು. ಸುಳ್ಳು ಹೇಳುವುದು ಇನ್ನು ಸಾಕೆನಿಸಿತು.

"ಬರ್ದೋಳು ನಾನೇ ಕಣೆ, ಪಂಕಜ."

ಪಂಕಜಾಕ್ಷಿ ಅವಳ ಮುಖವನ್ನೂ ನೋಟುಬುಕ್ಕನ್ನೂ ಒಂದೊಂದು ಸಲ ನೋಡಿದಳು. ಕ್ಷಮೆ ಕೇಳುತ್ತಾಳೇನೋ ಎಂದುಕೊಂಡರೆ, ಅವಳ ಮುಖ ಅರಳಿತು.

"ಹಂಗಾದ್ರೆ ತಿದ್ದಬಹುದಲ್ಲ ಅಕ್ಕ!"

ಹೀಗೆ ತಿದ್ದುವುದು ಶುರುವಾಯಿತು. ಕಾಫಿ ಹಣ್ಣಿನ ಕೊಯ್ಲಿನ ಕಾಲ. ಮಹೇಶ ಕತ್ತಲಾಗುವವರೆಗೂ ತೋಟದಲ್ಲಿರುತ್ತಿದ್ದ. ಪಂಕಜಾಕ್ಷಿ ಮೂರೂವರೆಗೆಲ್ಲ ಬಂದು ಮನೆಯಲ್ಲಿ ನಡೆದದ್ದನ್ನು ಹೇಳುವಳು, ವಿಶಾಲಮ್ಮ ಬರೆದುಕೊಳ್ಳುವಳು. ಸುಲೋಚನ ಮಗುವಿನ ತಲೆ ಬಾಚುವಾಗ ಹೇನು ಕಂಡು ಹೇಸಿದಳು, ಹೇಸಿದ್ದಕ್ಕೆ ನಾಚಿದಳು. ಹುಡುಗಿ ರೊಟ್ಟಿಯ ಅಂಚನ್ನಷ್ಟೇ ತಿಂದು ನಡುವನ್ನು ಬಿಡುತ್ತಿದ್ದಳು. ಅಜ್ಜಿ ನಡುವಿನ ಭಾಗ ತಿನ್ನುತ್ತಿದ್ದಳೆಂದು ಎರಡು ತಿಂಗಳ ಮೇಲೆ ತಿಳಿಯಿತು. ಒಂದು ದಿನ ಸುಲೋಚನ ಬೇಸತ್ತು, ನಿಮ್ಮ ಮಗಳನ್ನು ನೀವೇ ನೋಡಿಕೊಳ್ಳಿ ಎಂದು ಗಂಡನ ಮೇಲೆ ರೇಗಿದಳು. "ಇದನ್ನ ಬರೀಬೇಕಾ?" ಎಂದು ವಿಶಾಲಮ್ಮ ಕೇಳಿದ್ದಕ್ಕೆ, "ಬರೀರಿ, ಅಂದಿದ್ದು ನಿಜ," ಎಂದಳು ಪಂಕಜಾಕ್ಷಿ. ಜ್ವರದ ಅಧ್ಯಾಯವನ್ನು ಪೂರ್ತಿ ಹೊಡೆದುಹಾಕಿದರು.

ಒಂದು ಮಾತು ಮಾತ್ರ ಪ್ರತಿದಿನ ಬರುತ್ತಿತ್ತು. ಕೃತಿಕಾ ಚಿಕ್ಕಮ್ಮನನ್ನು ಏನೆಂದೂ ಕರೆಯುತ್ತಿರಲಿಲ್ಲ. ಹತ್ತಿರ ಬಂದು ಕೆಮ್ಮುವಳು, ಇಲ್ಲವೇ "ಇಲ್ನೋಡಿ" ಎನ್ನುವಳು. "ನಾನು ಬೇಡ ಅಂತ ಹಟ ಹಿಡಿದವ್ಳೆ," ಎಂದು ಪಂಕಜಾಕ್ಷಿ ಹೇಳಿದ್ದನ್ನು ವಿಶಾಲಮ್ಮ ಹಾಗೆಯೇ ಬರೆದಳು: ಆ ಹುಡುಗಿ ಹಟಕ್ಕೆ ಬಿದ್ದು ಅವಳನ್ನು ಅಮ್ಮ ಎನ್ನಲಿಲ್ಲ.

ಜನವರಿಯಲ್ಲಿ ಒಂದು ದಿನ ಶಾಲೆ ಬೇಗ ಬಿಟ್ಟಿತು. ಪಂಕಜಾಕ್ಷಿ ಇನ್ನೂ ಬಂದಿರಲಿಲ್ಲ. ಕೃತಿಕಾ ತಾನಾಗಿಯೇ ಗ್ರಂಥಾಲಯಕ್ಕೆ ಬಂದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ ವಿಶಾಲಮ್ಮ ನೋಟುಬುಕ್ಕನ್ನು ಮೇಜಿನ ಮೇಲೆ ಮುಚ್ಚಿಟ್ಟು ಒಂದು ಸಹಿಗಾಗಿ ಪಕ್ಕದ ಕಚೇರಿಗೆ ಹೋದಳು. ಸೆಕ್ರೆಟರಿ ಫೋನಿನಲ್ಲಿದ್ದುದರಿಂದ ಅರ್ಧ ಗಂಟೆಯೇ ಹಿಡಿಯಿತು. ವಾಪಸು ಬಂದಾಗ ಹುಡುಗಿ ಹೊರಗಿನ ಕಟ್ಟೆಯ ಮೇಲೆ ಮಕ್ಕಳ ಪತ್ರಿಕೆ ನೋಡುತ್ತ ಕೂತಿದ್ದಳು. ಮೇಜಿನ ಮೇಲೆ ನೋಟುಬುಕ್ಕು ತೆರೆದಿತ್ತು. ಹಟದ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆದಿತ್ತು:

"ಹಟ ಅಲ್ಲ. ಏನಂತ ಕರೀಬೇಕು ಅಂತ ಯಾರೂ ಹೇಳಿಲ್ಲ."

ವಿಶಾಲಮ್ಮ ಕಿಟಕಿಯಿಂದ ಕಟ್ಟೆಯ ಕಡೆ ನೋಡಿದಳು. ಇದು ಆ ಹುಡುಗಿ ಕತೆಗೆ ಹೇಳಿದ ಮಾತು. ತೋರಿಸಿದರೆ ಚಾಡಿ ಹೇಳಿದಂತಾಗುತ್ತದೆಯೆ? ಆದರೆ ಮೇಜಿನ ಮೇಲೆ ತೆರೆದಿಟ್ಟು ಹೋದದ್ದು ಯಾರಾದರೂ ಓದಲಿ ಎಂದೇ ಅಲ್ಲವೆ? ಪಂಕಜಾಕ್ಷಿ ಬಂದ ಕೂಡಲೇ ಪುಟವನ್ನು ಅವಳ ಕಡೆ ತಿರುಗಿಸಿದಳು.

ಪಂಕಜಾಕ್ಷಿ ಎರಡು ಸಲ ಓದಿದಳು. ಹೊರಗೆ ಹೋಗಿ ಕಟ್ಟೆಯ ಮೇಲೆ, ಹುಡುಗಿಗೆ ಒಂದು ಮೊಳ ಜಾಗ ಬಿಟ್ಟು ಕೂತಳು. ಕಿಟಕಿಯಿಂದ ವಿಶಾಲಮ್ಮನಿಗೆ ಎಲ್ಲ ಕೇಳುತ್ತಿತ್ತು.

"ಕೃತಿಕಾ, ನನ್ನ ಏನಂತ ಕರೀತೀಯ?"

ಹುಡುಗಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅವ್ವ ಅಂದ್ರೆ ನಮ್ಮವ್ವ."

"ಹೌದು. ಅದು ಅವರದೇ."

"ಚಿಕ್ಕಮ್ಮ ಅಂತ ಕತೇಲಿ ಕೆಟ್ಟೋರಿಗೆ ಅಂತಾರೆ."

"ಹಂಗಾದ್ರೆ ಅದೂ ಬೇಡ."

 ಕೆ. ಹೊಸಕೋಟೆ ಬಸ್ಸು ಬಂದು ಜನರನ್ನಿಳಿಸಿ ಹೋಯಿತು.

"ಪಂಕಮ್ಮ ಅನ್ಲಾ?" ಎಂದಳು ಕೃತಿಕಾ.

ಪಂಕಜಾಕ್ಷಿ ನಕ್ಕುಬಿಟ್ಟಳು. "ಪಂಕ ಅಂದ್ರೆ ಕೆಸರು ಕಣೆ! ಕೆಸರಮ್ಮ ಅಂದಂಗಾಯ್ತು."

"ಬೇಡ್ವಾ?"

"ಬೇಡ ಅಂದ್ನಾ? ಅನ್ನು."

ಮಹೇಶ ಮೊದಮೊದಲು ಗೊಣಗಿದ. ಎಸ್ಟೇಟಿನ ಕೂಲಿಲೈನಿನ ಮನೆಗಳ ಹೆಂಗಸರು ನಗುತ್ತಾರೆ, ಅಮ್ಮ ಅಂತ ಹೇಳಿಕೊಡಬಾರದೆ ಎಂದ. "ನಗ್ಲಿ ಬಿಡಿ," ಎಂದಳಂತೆ ಪಂಕಜಾಕ್ಷಿ, "ಕೆಮ್ಮಿ ಕರೆಯೋದಕ್ಕಿಂತ ಮೇಲು." ಬೇಸಿಗೆ ರಜೆಯ ಹೊತ್ತಿಗೆ ಲೈನಿನ ಮಕ್ಕಳೆಲ್ಲ ಅವಳನ್ನು ಪಂಕಮ್ಮ ಎಂದೇ ಕರೆಯುತ್ತಿದ್ದರು.

ವಿಶಾಲಮ್ಮ ಆ ಪೆನ್ಸಿಲಿನ ಸಾಲನ್ನು ಅಳಿಸಲಿಲ್ಲ. ಅದರಿಂದ ಮುಂದಕ್ಕೆ ಕತೆಯನ್ನು ಹೊಸದಾಗಿ ಬರೆದು ಮುಗಿಸಿದಳು. ಏಕಾಂತಯ್ಯ ಅಂಗಡಿಯ ಕಂದು ಕಾಗದದ ರಟ್ಟು ಹಾಕಿ ದಬ್ಬಳದಲ್ಲಿ ಹೊಲಿದುಕೊಟ್ಟ. ಈಗ ಯಾರಿಗೆ ಬೇಕೆಂದು ಅವಳು ಹುಡುಕಬೇಕಾಗಿರಲಿಲ್ಲ. ತಂಗಿಯ ಇಬ್ಬರು ಮಕ್ಕಳನ್ನು ಇದ್ದಕ್ಕಿದ್ದಂತೆ ಸಾಕಬೇಕಾಗಿ ಬಂದ ತೋಟಪ್ಪ ತಾನೇ ಕೇಳಿಕೊಂಡು ಬಂದ. ಐವತ್ತು ದಾಟಿದ, ಮದುವೆಯಾಗದ ಗಂಡಸು.

"ಇದ್ರಲ್ಲಿ ಗಂಡಸ್ರು ಮಕ್ಕಳು ಸಾಕೋದು ಐತಾ ಅಕ್ಕಾರೆ?"

"ಇಲ್ಲ ತೋಟಪ್ಪ. ಆದ್ರೂ ತಗೊಂಡೋಗು."

ಅವನು ಅದನ್ನು ನಾಲ್ಕು ತಿಂಗಳು ಇಟ್ಟುಕೊಂಡ. ತಂದುಕೊಟ್ಟಾಗ ಹಿಂದುಗಡೆ ಆರು ಹಾಳೆ ಹೆಚ್ಚಾಗಿದ್ದವು. ಸುಲೋಚನಳ ಪಕ್ಕದ ಮನೆಗೆ ಹೊಸದಾಗಿ ಒಬ್ಬ ಸೋದರಮಾವ ಬಂದಿದ್ದ, ಅವನಿಗೆ ಜಡೆ ಹೆಣೆಯಲು ಬರುತ್ತಿರಲಿಲ್ಲ. ತೋಟಪ್ಪನ ಅಕ್ಷರ ಕೋಳಿ ಕೆದಕಿದ ಹಾಗಿತ್ತು. ವಿಶಾಲಮ್ಮ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಸರಿದು ಕೂತು ಓದತೊಡಗಿದಳು.